ಹಡಪದಿಂದ ಪಾಕೀಟಿನವರೆಗೆ

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಬೇಸಿಗೆಯ ಗಾಳಿ ಒಣಗಾಳಿ. ಸಂತೆಯಿಂದ ತಂದ ವೀಳ್ಯದೆಲೆಯನ್ನು ಹಾಗೆಯೇ ಬಿಟ್ಟರೆ ಬೇಗ ಬಾಡುತ್ತದೆ. ಅದಕ್ಕೆಂದೇ ಎಲೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿಟ್ಟು, ಬೇಕಾದಷ್ಟನ್ನು ಮಾತ್ರ ಚಂಚಿಗೆ ಹಾಕಿಕೊಳ್ಳುವುದು ಹಿರಿಯರ ರೂಢಿ. ಬಟ್ಟೆಯ ಈ ಪುಟ್ಟ ಚೀಲದಲ್ಲಿ ಎಲೆ, ಅಡಿಕೆ, ತಂಬಾಕು ಒಂದೊಂದಕ್ಕೂ ಬೇರೆ ಅರೆ. ಸುಣ್ಣಕ್ಕೆ ಪ್ರತ್ಯೇಕ ಡಬ್ಬಿ. ಎಲೆಗೆ ತೇವ ಬೇಕು, ಅಡಿಕೆ ಒಣಗಿರಬೇಕು, ತಂಬಾಕಿಗೆ ತೇವ ಹೆಚ್ಚಾದರೆ ಬೂಸು ಹಿಡಿಯುತ್ತದೆ. ಒಂದೇ ಚೀಲದಲ್ಲಿ ಹಲವು ಹವೆಗಳನ್ನು ಕಾಯುವ ಜಾಣತನ ಇದು.

ಇದೇ ತೊಡಕಿಗೆ ಪಶ್ಚಿಮದವರು ಮರದಲ್ಲಿ ಕಂಡುಕೊಂಡ ಉತ್ತರ ಹ್ಯೂಮಿಡಾರ್, ಅಂದರೆ ಸಿಗಾರ್ ಪೆಟ್ಟಿಗೆ. ಸಿಗಾರ್ ಒಣಗಿದರೆ ಅದರ ಎಣ್ಣೆಯಂಶ ಹಾರಿ ಹೊಗೆ ಖಾರವಾಗುತ್ತದೆ. ನೆಂದರೆ ಬೂಸು, ಹುಳುಗಳ ಕಾಟ. ಆದ್ದರಿಂದ ಪೆಟ್ಟಿಗೆಯೊಳಗಿನ ತೇವಾಂಶ ಶೇಕಡಾ 65ರಿಂದ 70ರಷ್ಟಿರಬೇಕು. ಒಳಮೈಗೆ ಬಳಸುವುದು ಸ್ಪ್ಯಾನಿಷ್ ಸೀಡರ್ ಎಂಬ ಮರ. ಅದು ಸ್ಪೇನಿನದೂ ಅಲ್ಲ, ದೇವದಾರುವಿನ ಬಳಗದ್ದೂ ಅಲ್ಲ. ಅಮೆರಿಕದ ಉಷ್ಣವಲಯದ್ದು, ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು. ಈ ಮರ ಹೆಚ್ಚಿನ ತೇವವನ್ನು ಹೀರಿ, ಕಡಿಮೆಯಾದಾಗ ಬಿಟ್ಟುಕೊಡುತ್ತದೆ.

ಎಲೆ ಕಾಯುವ ಚೀಲಕ್ಕೆ ಕನ್ನಡದಲ್ಲಿ ಹಳೆಯ ಹೆಸರು ಹಡಪ. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಬಳಿ ಅದನ್ನು ಹಿಡಿಯುತ್ತಿದ್ದ ಶರಣರೇ ಹಡಪದ ಅಪ್ಪಣ್ಣ. 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಕವಯಿತ್ರಿ ಹೊನ್ನಮ್ಮನಿಗೂ ಸಂಚಿಯ ಊಳಿಗದಿಂದಲೇ ಸಂಚಿ ಹೊನ್ನಮ್ಮ ಎಂಬ ಹೆಸರು ನಿಂತಿತು.

ಅಪ್ಪಣ್ಣನ ಹಡಪದಲ್ಲಿ ತಂಬಾಕು ಇರಲು ಸಾಧ್ಯವಿರಲಿಲ್ಲ. ಅಮೆರಿಕ ಮೂಲದ ಈ ಗಿಡ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದು ಎಷ್ಟೋ ಶತಮಾನಗಳ ನಂತರ. ಅದು ಸಂಚಿಯೊಳಗೆ ಸೇರಿದ ಒಂದು ಗಳಿಗೆ ಮಾತ್ರ ಇತಿಹಾಸದಲ್ಲಿ ದಾಖಲಾಗಿದೆ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ವಿಜಾಪುರದಲ್ಲಿ ತಂಬಾಕನ್ನು ಕಂಡ. ಉತ್ತರದಲ್ಲಿ ಅವನು ಅದನ್ನು ನೋಡಿರಲೇ ಇಲ್ಲ. ಎರಡನೆಯ ಇಬ್ರಾಹಿಂ ಆದಿಲ್ ಷಾ ಅವನಿಗೆ ಕುಸುರಿಯ ಎಲೆಸಂಚಿಯೊಂದನ್ನು ಕೊಟ್ಟಿದ್ದ. ಅಸದ್ ಬೇಗ್ ಅದರಲ್ಲಿ ಒಳ್ಳೆಯ ತಂಬಾಕು ತುಂಬಿ, ರತ್ನ ಕೆತ್ತಿದ ಕೊಳವೆಯೊಡನೆ ಬೆಳ್ಳಿಯ ತಟ್ಟೆಯಲ್ಲಿಟ್ಟು ಅಕ್ಬರನಿಗೆ ಅರ್ಪಿಸಿದ. ದೊರೆ ಎರಡು ಮೂರು ದಮ್ಮು ಎಳೆದನಾದರೂ ಚಟಕ್ಕೆ ಬೀಳಲಿಲ್ಲ; ಆಸ್ಥಾನದವರು ಬಿದ್ದರು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸಿದರೂ ಹೊಗೆ ನಿಲ್ಲಲಿಲ್ಲ.

ಪಶ್ಚಿಮದ ಮರದ ಪೆಟ್ಟಿಗೆ ಈಗ ಪುರಾತನ ವಸ್ತು. ನಟ ಮಿಲ್ಟನ್ ಬರ್ಲ್ 1961ರಲ್ಲಿ ಅಧ್ಯಕ್ಷ ಕೆನಡಿಗೆ ಉಡುಗೊರೆ ಕೊಟ್ಟ ಸಿಗಾರ್ ಪೆಟ್ಟಿಗೆ 1996ರ ನ್ಯೂಯಾರ್ಕ್ ಹರಾಜಿನಲ್ಲಿ 5,74,500 ಡಾಲರಿಗೆ ಹೋಯಿತು. ಚಂಚಿಗೆ ಅಂಥ ಯೋಗವಿಲ್ಲ. ಬಟ್ಟೆಯ ಚೀಲ ದಿನವೂ ಬಳಕೆಯಾಗಿ ಸವೆಯುತ್ತದೆ, ಹರಿದ ಮೇಲೆ ಅದನ್ನು ಎತ್ತಿಡುವವರಿಲ್ಲ.

ಅದರ ಜಾಗಕ್ಕೆ ಬಂದದ್ದು ಗುಟ್ಕಾದ ಪಾಕೀಟು. ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ಪಕ್ಕದವರಿಗೂ ಮಡಿಚಿ ಕೊಡುವಷ್ಟು ವ್ಯವಧಾನ ಅದಕ್ಕೆ ಬೇಡ. ಹರಿದು ಬಾಯಿಗೆ ಸುರಿದುಕೊಂಡರೆ ಆಯಿತು. ಕರ್ನಾಟಕ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಹಾಗೆಂದು ಚಂಚಿ ನಿರಪಾಯವೆಂದೇನೂ ಅಲ್ಲ. ತಂಬಾಕು ಬೆರೆತ ಎಲೆಯಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾಗಿದೆ; ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಬರಿಯ ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿದೆ.

ಆದರೂ ಚಂಚಿ ಬಿಚ್ಚುವುದಕ್ಕೆ ಒಂದು ಹೊತ್ತು, ಎದುರಿಗೆ ಒಬ್ಬ ಜೊತೆಗಾರ ಬೇಕಿತ್ತು. ಪಾಕೀಟಿಗೆ ಎರಡೂ ಬೇಕಿಲ್ಲ. ಚಟ ಶಾಲೆಯ ಹುಡುಗರ ಕಿಸೆಯವರೆಗೂ ಇಳಿದದ್ದು ಈ ಸಲೀಸಿನಿಂದಲೇ.