ಮನೆಯ ಕಂಬಳಿ: ಅದರ ಉಪಯೋಗ, ತಯಾರಿಕೆ ಮತ್ತು ಉಣ್ಣೆಯ ಸಂರಕ್ಷಣೆ

ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳನ್ನು ದಾಟಿ ಹಳೇಬೀಡಿಗೂ, ಅಲ್ಲಿಂದ ಹತ್ತು ಮೈಲಿ ದೂರದ ಬೇಲೂರಿಗೂ ಹೋಗುವ ದಾರಿಯಲ್ಲಿ ಭೂಮಿಯ ಗುಣವು ಕ್ರಮವಾಗಿ ಬದಲಾಗುತ್ತದೆ. ಅರಸೀಕೆರೆಯ ಕಡೆ ರಾಗಿಯ ಹೊಲ, ತೆಂಗಿನ ತೋಟ, ಕುರುಚಲು ಗುಡ್ಡ. ವರ್ಷದ ಮಳೆ 30 ಅಂಗುಲ ಮುಟ್ಟುವುದೇ ಕಷ್ಟ. ಬೇಲೂರಿನಿಂದ ಪಶ್ಚಿಮಕ್ಕೆ ಹೋದಂತೆಲ್ಲ ಮಳೆ ಹೆಚ್ಚಿ, ಗದ್ದೆಯೂ ಕಾಫಿಯ ತೋಟವೂ ಕಾಣಿಸುತ್ತವೆ. ಕುರಿಯು ಒಣ ಸೀಮೆಯ ಪ್ರಾಣಿ. ತೇವದ ನೆಲದಲ್ಲಿ ಅದಕ್ಕೆ ಕಾಲುಕೊಳೆ, ಜಂತು ಮೊದಲಾದ ರೋಗಗಳು ಬೇಗ ತಗಲುತ್ತವೆ. ಆದರೆ ಕುರಿಯ ಉಣ್ಣೆಯ ಅಗತ್ಯವು ಮಳೆಯ ಸೀಮೆಯವರಿಗೇ ಹೆಚ್ಚು. ಆದಕಾರಣ ಮೈದಾನದ ಕುರುಬರ ಮನೆಗಳಲ್ಲಿ ನೇಯ್ದ ಕಂಬಳಿಯು ಮಲೆನಾಡಿನ ಗದ್ದೆಯ ಕೆಲಸದವರ ಹೆಗಲೇರುವುದು ಬಹು ಹಿಂದಿನಿಂದ ನಡೆದುಬಂದ ವ್ಯಾಪಾರ.

ಗಿರಣಿಯ ಬ್ಲಾಂಕೆಟ್ಟುಗಳು ಅಗ್ಗವಾಗಿ ದೊರೆಯುತ್ತಿರುವಾಗ, ಮೈಗೆ ಚುಚ್ಚುವ ಈ ಒರಟು ಕಂಬಳಿಯನ್ನು ರೈತನು ಏಕೆ ಬಿಡಲಿಲ್ಲವೆಂಬುದು ವಿಚಾರ ಮಾಡತಕ್ಕ ಸಂಗತಿ. ಇದಕ್ಕೆ ಅಭ್ಯಾಸವೊಂದೇ ಕಾರಣವಲ್ಲ. ಉಣ್ಣೆಯು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಒಳಗೆ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಎಳೆಯ ಮೇಲೆ ಉಳಿದಿರುವ ಕುರಿಯ ಮೈಜಿಡ್ಡು ಮಳೆಯ ಹನಿಯನ್ನು ಜಾರಿಸುತ್ತದೆ. ಕಂಬಳಿಯ ಒಂದು ತುದಿಯನ್ನು ಒಳಕ್ಕೆ ಮಡಿಸಿ ತಲೆಯ ಮೇಲೆ ಕೊಪ್ಪೆಯಾಗಿ ಹಾಕಿಕೊಂಡವನು ಇಡೀ ದಿನ ಬಾಗಿ ಕೆಲಸ ಮಾಡಿದರೂ ಬೆನ್ನು ಬೆಚ್ಚಗಿರುವುದು ಇದರಿಂದಲೇ. ಈಗ ಹೆಚ್ಚಾಗಿ ಬಳಕೆಗೆ ಬಂದಿರುವ ಪ್ಲಾಸ್ಟಿಕ್ ಹಾಳೆಯು ನೀರನ್ನು ಸಂಪೂರ್ಣವಾಗಿ ತಡೆಯುವುದು ನಿಜ. ಆದರೆ ಬೆವರನ್ನೂ ಒಳಗೇ ತಡೆಯುತ್ತದೆ. ಬೆಂಕಿಯ ಕಿಡಿ ಬಿದ್ದರೆ ಉಣ್ಣೆಯು ಕರಕಲಾಗಿ ಅಲ್ಲಿಗೇ ನಿಲ್ಲುವುದುಂಟು, ಸುಲಭವಾಗಿ ಉರಿಯುವುದಿಲ್ಲ. ರಾತ್ರಿ ಕಾವಲಿನವನು ಬೆಂಕಿಯ ಪಕ್ಕದಲ್ಲಿ ನಿಶ್ಚಿಂತೆಯಿಂದ ಮಲಗುವುದಕ್ಕೆ ಇದೂ ಒಂದು ಕಾರಣ. ಕಣದಲ್ಲಿ ಹಾಸುವುದಕ್ಕೆ, ಊರ ನ್ಯಾಯಕ್ಕೆ ಸೇರಿದ ಹಿರಿಯರು ಕೂರುವುದಕ್ಕೆ, ದೇವರ ಗದ್ದಿಗೆಗೆ ಎಲ್ಲಕ್ಕೂ ಅದೇ ಕಂಬಳಿಯೇ ಬೇಕು.

ಇದರ ತಯಾರಿಕೆಯನ್ನು ತಿಳಿದವರಿಗೆ ಅದರ ಬೆಲೆಯು ಹೆಚ್ಚೆಂದು ತೋರುವುದಿಲ್ಲ. ನಾಡ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಬಾರಿ ಕತ್ತರಿಸುತ್ತಾರೆ. ಒಂದು ಸಲಕ್ಕೆ ಒಂದು ಕುರಿಯಿಂದ ಬರುವುದು ಬಹಳ ಸ್ವಲ್ಪ. ಒಂದು ಕಂಬಳಿಗೆ ಆರೆಂಟು ಕುರಿಗಳ ಉಣ್ಣೆಯಾದರೂ ಬೇಕಾಗುತ್ತದೆ. ಮೊದಲು ಕಸಕಡ್ಡಿಗಳನ್ನು ಕೈಯಿಂದ ಆರಿಸಿ, ಬಿಲ್ಲಿನ ಹೆದೆಯಿಂದ ಹಿಂಜಿ ಹಗುರಮಾಡುವರು. ಬಳಿಕ ಹೆಂಗಸರು ರಾಟೆಯ ಮೇಲೆ ನೂಲುವರು. ನೂಲುವ ಕೆಲಸವು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವಂಥದು. ಮಗ್ಗದ ಮೇಲೆ ಕಳೆಯುವ ಒಂದು ದಿನದ ಹಿಂದೆ ರಾಟೆಯ ಮುಂದೆ ಕಳೆದ ಹಲವು ದಿನಗಳಿರುತ್ತವೆ. ಕಂಬಳಿಯ ಲೆಕ್ಕ ಹಾಕುವವರು ಸಾಮಾನ್ಯವಾಗಿ ಮರೆಯುವುದು ಈ ಹೆಂಗಸರ ಕೂಲಿಯನ್ನೇ.

ಹಾಸಿನ ನೂಲಿಗೆ ಗಂಜಿ ಕೊಡುವುದು ಮುಖ್ಯವಾದ ಹಂತ. ಹುಣಸೆಬೀಜವನ್ನು ಹುರಿದು ಸಿಪ್ಪೆ ತೆಗೆದು ನೆನೆಯಿಟ್ಟು, ನುಣ್ಣಗೆ ಅರೆದು, ನೀರಿನಲ್ಲಿ ಕುದಿಸಿದರೆ ಅಂಟಾದ ಸರಿ ಸಿದ್ಧವಾಗುತ್ತದೆ. ಊರ ಬೀದಿಯಲ್ಲಾಗಲಿ ತೋಪಿನ ನೆರಳಿನಲ್ಲಾಗಲಿ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ, ಬಿಸಿಲೇರುವ ಮೊದಲೇ ಈ ಸರಿಯನ್ನು ಕುಂಚದಿಂದ ಎಳೆಎಳೆಗೂ ಸವರುವರು. ಬಿಸಿಲು ಏರಿದರೆ ಸರಿಯು ಬೇಗ ಒಣಗಿ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಗಂಜಿಯು ಒರಟು ನೂಲಿನ ಕೂದಲುಗಳನ್ನು ಒತ್ತಿ ಹಿಡಿಯುವುದರಿಂದ ಮಗ್ಗದಲ್ಲಿ ಎಳೆ ಹರಿಯುವುದು ಕಡಿಮೆಯಾಗುತ್ತದೆ. ಹೊಸ ಕಂಬಳಿಯು ಹಲಗೆಯಂತೆ ಬಿರುಸಾಗಿರುವುದು ಈ ಗಂಜಿಯಿಂದಲೇ. ಉಪಯೋಗಿಸಿದಂತೆಲ್ಲ ಅದು ಮೆತ್ತಗಾಗುವುದು. ಬಿರುಸನ್ನು ಕಂಡು ಕೊಳ್ಳದೆ ಹೋಗುವ ಪೇಟೆಯ ಗಿರಾಕಿಗೆ ಈ ವಿಷಯ ತಿಳಿಯದು.

ಕಡ್ಡಿಗಳಿಂದ ಉಣ್ಣೆ ಹೆಣೆಯುವ ಕೆಲಸವು ಇದಕ್ಕಿಂತ ಬೇರೆ ಬಗೆಯದು. ನೇಯ್ಗೆಗೆ ಹಾಸು, ಹೊಕ್ಕು ಎಂಬ ಎರಡು ನೂಲುಗಳೂ ಮಗ್ಗವೂ ಬೇಕು. ಹೆಣಿಗೆಯಲ್ಲಿ ಒಂದೇ ಎಳೆಯು ಕುಣಿಕೆಯಿಂದ ಕುಣಿಕೆಗೆ ಹೋಗಿ ಬಟ್ಟೆಯಾಗುತ್ತದೆ. ಅದಕ್ಕೆ ಮೃದುವಾದ, ನೀಳವಾದ ಉಣ್ಣೆ ಬೇಕಾದುದರಿಂದ ಪಟ್ಟಣದ ಹೆಂಗಸರು ಗಿರಣಿಯಲ್ಲಿ ನೂತ ಮೆರಿನೋ ನೂಲನ್ನು ಕೊಂಡು ಹೆಣೆಯುತ್ತಾರೆ. ಸರ್ ಮಾರ್ಕ್ ಕಬ್ಬನ್ನರು ಮೈಸೂರಿನ ಕಮಿಷನರಾಗಿದ್ದ (1834-1861) ಕಾಲದಲ್ಲಿ ಮೆರಿನೋ ಟಗರುಗಳನ್ನು ತರಿಸಿ ನಾಡ ಕುರಿಗಳ ತಳಿಯನ್ನು ಸುಧಾರಿಸುವ ಪ್ರಯತ್ನ ನಡೆಯಿತಾದರೂ, ಅದರ ಗುರುತು ಹಳ್ಳಿಯ ಮಂದೆಗಳಲ್ಲಿ ಉಳಿಯಲಿಲ್ಲ. ಅಂಗಡಿಯಲ್ಲಿ ಸ್ವೆಟರು ಅಗ್ಗವಾಗಿ ಸಿಕ್ಕಿದರೂ ಮನೆಯಲ್ಲಿ ಹೆಣೆಯುವವರು ನಿಲ್ಲಿಸಿಲ್ಲ. ಮಗುವಿನ ಅಳತೆಗೆ ಸರಿಯಾಗಿ ಹೆಣೆಯಬಹುದು. ಮಗು ಬೆಳೆದ ಮೇಲೆ ಅದೇ ನೂಲನ್ನು ಬಿಚ್ಚಿ ಮತ್ತೆ ಹೆಣೆಯಬಹುದು. ಹಳೆಯ ಸೀರೆಗಳನ್ನು ಪದರಪದರವಾಗಿಟ್ಟು ಹೊಲಿಯುವ ಕೌದಿಯೂ ಹೀಗೆಯೇ ಬಿಡುವಿನ ವೇಳೆಯ ಸಂಪಾದನೆ. ಹಿಂದಿನ ಮೈಸೂರು ಸಂಸ್ಥಾನದಲ್ಲಿ 1927ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಹತ್ತಿಯ ನೂಲುವ ಕೇಂದ್ರವು ಆರಂಭವಾದಾಗಲೂ, ಬೇಸಾಯವಿಲ್ಲದ ತಿಂಗಳುಗಳಲ್ಲಿ ಮನೆಯವರಿಗೆ ನಾಲ್ಕು ಕಾಸು ಬರಲೆಂಬುದೇ ಉದ್ದೇಶವಾಗಿತ್ತು.

ಆದರೆ ಕಂಬಳಿಗೆ ಈಗ ಬಂದಿರುವ ಕಷ್ಟವು ಕೊಳ್ಳುವವರ ಕಡೆಯಿಂದ ಮಾತ್ರ ಬಂದದ್ದಲ್ಲ, ಉಣ್ಣೆಯ ಕಡೆಯಿಂದಲೂ ಬಂದಿದೆ. ಒರಟು ಕರಿ ಉಣ್ಣೆಗೆ ಸಿಕ್ಕುವ ಬೆಲೆಯು ಅನೇಕ ಕಡೆ ಕತ್ತರಿಸುವವನ ಕೂಲಿಗೂ ಸಾಲದು. ಕತ್ತರಿಸಿದ ಉಣ್ಣೆಯನ್ನು ಬೇಲಿಯ ಬುಡದಲ್ಲಿ ಬಿಟ್ಟುಹೋಗುವ ಕುರಿಗಾರರೂ ಇದ್ದಾರೆ. ಮಾಂಸದ ಬೆಲೆ ಏರಿದುದರಿಂದ ಉಣ್ಣೆಯಿಲ್ಲದ, ಕೂದಲು ಮೈಯ ನೆಲ್ಲೂರು ಮುಂತಾದ ಟಗರುಗಳನ್ನು ದಖನ್ನಿ ಕುರಿಯ ಮಂದೆಗೆ ಬಿಡುವುದು ಹೆಚ್ಚುತ್ತಿದೆ. ಕುರಿಗಾರನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವನ ಜೀವನವು ಮಾಂಸದಿಂದಲೇ ನಡೆಯುವುದು. ಆದರೆ ತಲೆಮಾರುಗಳಿಂದ ಈ ಸೀಮೆಯ ಬಿಸಿಲಿಗೂ ಮಳೆಗೂ ಒಗ್ಗಿದ ಉಣ್ಣೆಯ ಕುರಿಯು ಒಮ್ಮೆ ಮಂದೆಯಿಂದ ಹೋದರೆ, ನೂಲುವ ಕೈಯೂ ಮಗ್ಗವೂ ಅದರೊಡನೆ ಹೋಗುತ್ತವೆ. ಬೇಸಗೆಯಲ್ಲಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡು ಗೊಬ್ಬರದ ಲಾಭ ಪಡೆಯುವ ಭೂಮಾಲೀಕನಿಗೆ ಈ ವಿಷಯದಲ್ಲಿ ಸ್ವಂತ ಪಾಲೂ ಇದೆ. ಕುರಿಗಾರನಿಗೆ ಉಣ್ಣೆಯಿಂದಲೂ ಸ್ವಲ್ಪ ಆದಾಯವಿದ್ದರೆ ಮಂದೆಯು ಆ ಸೀಮೆಯಲ್ಲೇ ನಿಲ್ಲುವುದಕ್ಕೆ ಇನ್ನೊಂದು ಕಾರಣವಿರುತ್ತದೆ.

ಉಣ್ಣೆಯ ಬೆಲೆಯನ್ನು ಸ್ವಲ್ಪವಾದರೂ ಏರಿಸುವ ಉಪಾಯಗಳು ದುಬಾರಿಯವಲ್ಲ. ಕತ್ತರಿಸುವುದಕ್ಕೆ ಒಂದೆರಡು ದಿನ ಮುಂಚೆ ಕುರಿಗಳನ್ನು ತಿಳಿನೀರಿನಲ್ಲಿ ಮೀಯಿಸಿ, ಮೈ ಚೆನ್ನಾಗಿ ಒಣಗಿದ ಮೇಲೆಯೇ ಕತ್ತರಿ ಹಾಕತಕ್ಕದ್ದು. ಹಸಿ ಉಣ್ಣೆಯನ್ನು ಮೂಟೆ ಕಟ್ಟಿದರೆ ಮುಗ್ಗಲು ಹಿಡಿಯುತ್ತದೆ. ಧೂಳಿನ ನೆಲದ ಮೇಲೆ ಕತ್ತರಿಸದೆ ಗೋಣಿ ಅಥವಾ ಚಾಪೆ ಹಾಸಬೇಕು. ಕರಿಯದು, ಬಿಳಿಯದು, ಕಂದು ಬಣ್ಣದ್ದು ಬೇರೆಬೇರೆ ಇರಲಿ. ಹೊಟ್ಟೆಯ ಮತ್ತು ಕಾಲಿನ ಕೊಳೆಯ ಉಣ್ಣೆಯನ್ನು ಬೆನ್ನಿನ ಉಣ್ಣೆಗೆ ಬೆರೆಸಬಾರದು. ಮರಿಯ ಮೊದಲ ಕತ್ತರಿಯ ಉಣ್ಣೆಯು ಎಲ್ಲಕ್ಕಿಂತ ಮೃದುವಾದುದರಿಂದ ಅದನ್ನು ಪ್ರತ್ಯೇಕವಾಗಿ ಇಟ್ಟರೆ ನಯವಾದ ಶಾಲಿನಂಥ ಕಂಬಳಿಗೆ ಬರುತ್ತದೆ. ಉತ್ತರಾಣಿಯೂ ಅಂಟುಮುಳ್ಳುಗಳೂ ಬಲಿತಿರುವ ಬೀಳಿನಲ್ಲಿ, ಕತ್ತರಿಸುವ ಕಾಲ ಹತ್ತಿರ ಬಂದಾಗ, ಕುರಿ ಮೇಯಿಸುವುದು ಒಳ್ಳೆಯದಲ್ಲ. ಬೀಜ ಅಂಟಿದ ಉಣ್ಣೆಯನ್ನು ಆರಿಸುವುದಕ್ಕೆ ಹಿಡಿಯುವ ಹೊತ್ತು ನೂಲುವ ಹೊತ್ತಿಗೆ ಸಮನಾಗುವುದುಂಟು.

ಊರಿನ ಮುಖಂಡರು ಮಾಡಬಹುದಾದುದು ಮತ್ತೊಂದಿದೆ. ಹಾಸು ಕಟ್ಟುವುದಕ್ಕೆ ಉದ್ದವಾದ, ನೆರಳಿರುವ, ಗಾಡಿ ಓಡಾಡದ ಜಾಗ ಬೇಕು. ಹಿಂದೆ ಬೀದಿಯೇ ಇದಕ್ಕೆ ಸಾಕಾಗುತ್ತಿತ್ತು. ಈಗ ಬೀದಿಗಳಲ್ಲಿ ಮೋಟಾರು ಬಂಡಿಗಳ ಓಡಾಟ ಹೆಚ್ಚಿದೆ, ತೋಪುಗಳು ಕಡಿಮೆಯಾಗಿವೆ. ಗ್ರಾಮದ ಗುಂಡುತೋಪಿನ ಒಂದು ಸಾಲನ್ನು ಬೆಳಗಿನ ಹೊತ್ತು ನೇಯುವವರಿಗೆ ಬಿಟ್ಟುಕೊಟ್ಟರೆ ಯಾರಿಗೂ ನಷ್ಟವಿಲ್ಲ. ಬೇಲೂರು, ಹಳೇಬೀಡುಗಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅಲ್ಲಿಗೆ ಬರುವ ಯಾತ್ರಿಕರಿಗೆ ಈ ಸೀಮೆಯ ಕಂಬಳಿಯನ್ನು ನೇಯುವವರೇ ನೇರವಾಗಿ ಮಾರುವಂತಾದರೆ ಮಧ್ಯಸ್ಥನ ಪಾಲು ಉಳಿಯುತ್ತದೆ.

ಕೊಂಡ ಕಂಬಳಿಯನ್ನು ಕಾಪಾಡುವ ಕ್ರಮವೂ ತಿಳಿದಿರಬೇಕು. ಬಿಸಿನೀರಿನಲ್ಲಿ ಹಾಕಿ ಉಜ್ಜಿದರೆ ಉಣ್ಣೆಯು ಕುಗ್ಗಿ ಗಂಟಾಗುತ್ತದೆ. ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ಮೆಲ್ಲಗೆ ಅದುಮಿ ತೊಳೆದು, ಹಿಂಡದೆ, ನೆರಳಿನಲ್ಲಿ ಹರಡಿ ಒಣಗಿಸಬೇಕು. ಮಳೆಗಾಲ ಮುಗಿದ ಮೇಲೆ ಒಂದು ದಿನ ಬಿಸಿಲಿಗೆ ಹಾಕಿ ಕೊಡವಿ, ಒಣಗಿದ ಬೇವಿನ ಸೊಪ್ಪನ್ನು ಮಡಿಕೆಗಳಲ್ಲಿಟ್ಟು, ನುಸಿ ಹೋಗದಂತೆ ಬಾಯಿ ಕಟ್ಟಿದ ಚೀಲದಲ್ಲಿ ಅಟ್ಟದ ಮೇಲೆ ಇಡತಕ್ಕದ್ದು. ತೂತು ಬಿದ್ದರೆ ಅದೇ ಬಣ್ಣದ ಉಣ್ಣೆಯ ನೂಲಿನಿಂದ ಕೂಡಲೇ ಹೊಲಿಯಬೇಕು. ಹತ್ತಿಯ ದಾರವು ಉಣ್ಣೆಯೊಡನೆ ಕುಗ್ಗದೆ ಪಕ್ಕದ ಎಳೆಗಳನ್ನು ಎಳೆದು ಹರಿಯುತ್ತದೆ.