ಹನ್ನೆರಡನೆಯವಳು ಎಲ್ಲಿ?

ಶಹಾಬಾದವೆಂದೊಡನೆ ಕನ್ನಡಿಗನ ಕಣ್ಣಿಗೆ ಕಟ್ಟುವುದು ಫರಸಿಕಲ್ಲು. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಏಳುವ ಆ ಸುಣ್ಣಗಲ್ಲು ನಾಡಿನ ಎಷ್ಟೋ ಮನೆಗಳಿಗೆ ನೆಲಹಾಸಾಗಿದೆ. ಮನೆಗೆ ತಂಪು ನೀಡುವ ಈ ಕಲ್ಲು ಆಟಗಾರರ ಮೊಣಕಾಲಿಗೆ ಮಾತ್ರ ಕರುಣೆ ತೋರದು. ಕಲ್ಲಿಲ್ಲದೆಡೆ ಎರೆಮಣ್ಣು, ಬೇಸಗೆಯಲ್ಲಿ ಅದು ಬಿರಿಯುತ್ತದೆ, ಮಳೆಗಾಲದಲ್ಲಿ ಅಂಗಾಲಿಗೆ ಅಂಟಿಕೊಂಡು ಸೇರುಗಟ್ಟಲೆ ತೂಗುತ್ತದೆ. ಇಂಥಲ್ಲಿ ಖೋ ಖೋ ಅಂಗಳವಾಗಬೇಕಾದರೆ ಗರಸು ಹಾಸಿ, ನೀರು ಹೊಡೆದು, ದಮ್ಮಸು ಮಾಡಬೇಕು. ಆದರೂ ನೆಲದ ಚಿಂತೆ ಒಮ್ಮೆ ತೀರುವಂಥದು. ಕಾಲೇಜಿನ ತಂಡವನ್ನು ನಡೆಸುವ ನಾಯಕಿಗೆ ವರ್ಷ ವರ್ಷವೂ ತೀರದಿರುವುದು ತಲೆಗಳ ಲೆಕ್ಕ.

ಆ ಲೆಕ್ಕವನ್ನು ಬಿಡಿಸಿ ನೋಡಬೇಕು. ಬಹುಕಾಲದ ನಿಯಮದಂತೆ ಖೋ ಖೋ ತಂಡಕ್ಕೆ 12 ಮಂದಿ. ಬೆನ್ನಟ್ಟುವ ಸರದಿಯಲ್ಲಿ 9 ಮಂದಿ ಅಂಗಳದಲ್ಲಿರುತ್ತಾರೆ. 8 ಮಂದಿ ಒಬ್ಬರ ಮುಖ ಅತ್ತ, ಮತ್ತೊಬ್ಬರ ಮುಖ ಇತ್ತ ಇರುವಂತೆ ಚೌಕಗಳಲ್ಲಿ ಕೂರುತ್ತಾರೆ, 9ನೆಯವಳು ಓಡುತ್ತಾಳೆ. ತಪ್ಪಿಸಿಕೊಳ್ಳುವವರು ಮೂವರು ಮೂವರಾಗಿ ಒಳಬರುತ್ತಾರೆ. 9ಕ್ಕೆ 3 ಕೂಡಿದರೆ 12. ಅಂದರೆ ಪೂರ್ಣ ತಂಡವೊಂದಿದ್ದರೆ ಎದುರಾಳಿಗಳಿಗಾಗಿ ಕಾಯದೆ ತಮ್ಮೊಳಗೇ ಅಭ್ಯಾಸ ಮಾಡಬಹುದು. ಕಬಡ್ಡಿಗೆ ಈ ಅನುಕೂಲವಿಲ್ಲ. ಅಲ್ಲಿ ಏಳಕ್ಕೆ ಏಳು, 14 ಮಂದಿ ಬೇಕು. ಪದವಿ ಮೂರು ವರ್ಷದ್ದು. ಪ್ರತಿ ಬೇಸಗೆಯಲ್ಲಿಯೂ ತಂಡದ ಮೂರನೆಯ ಒಂದು ಪಾಲು ಅಂಕಪಟ್ಟಿ ಹಿಡಿದು ಹೊರಟುಹೋಗುತ್ತದೆ. 12 ಇದ್ದದ್ದು 8 ಆಗುತ್ತದೆ. ಎಂಟು ಮಂದಿಗೆ ಚೌಕಗಳು ತುಂಬಿದರೆ ಓಡುವವಳೇ ಇಲ್ಲ! ಒಂದು ವರ್ಷ ಹೊಸಬರು ಬಾರದೆ ಹೋದರೆ ಹತ್ತು ವರ್ಷಗಳಿಂದ ನಡೆದುಬಂದ ತಂಡ ಸದ್ದಿಲ್ಲದೆ ಮುಗಿದುಹೋಗುತ್ತದೆ.

ಈ ಸೀಮೆಯ ತರುಣರಿಗೆ ವಿಶ್ವವಿದ್ಯಾಲಯವೆಂಬುದು ಒಂದು ಕಾಲಕ್ಕೆ ದೂರದ ಬೆಟ್ಟವಾಗಿತ್ತು. 1956ರ ನವೆಂಬರ್ 1ರವರೆಗೆ ಇದು ಹೈದರಾಬಾದ ರಾಜ್ಯ. ಉನ್ನತ ವಿದ್ಯೆಯ ದಾರಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾದ ಕಡೆಗಿತ್ತು. ಏಕೀಕರಣದ ತರುವಾಯ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದವು. ಆಗ ಶಹಾಬಾದದಿಂದ ರೈಲಿನಲ್ಲಿ ಧಾರವಾಡಕ್ಕೆ ಹೋಗುವುದೆಂದರೆ ಸೊಲ್ಲಾಪುರದ ಕಡೆಗೆ ಹೋಗಿ, ಹೋಟಗಿಯಲ್ಲಿ ಗಾಡಿ ಬದಲಿಸಿ, ಮೀಟರ್ ಗೇಜಿನ ಮೇಲೆ ವಿಜಯಪುರ, ಗದಗ, ಹುಬ್ಬಳ್ಳಿಗಳನ್ನು ದಾಟಬೇಕಾಗಿತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಆ ದೂರ ಸುಮಾರು 25 ಕಿಲೋಮೀಟರಿನ ಕಲಬುರಗಿಗೆ ಇಳಿಯಿತು. ಸೇಡಂ ರಸ್ತೆಯ ಜ್ಞಾನಗಂಗೆಯ ಆವರಣ ಈಗ ಬೆಳಗ್ಗೆ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರ.

ಹತ್ತಿರವಾದ ಮಾತ್ರಕ್ಕೆ ತಂಡ ತಾನಾಗಿ ಕೂಡೀತೆ? ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ಕಾಲೇಜಿಗೆ ಬಂದವರ ವಿಷಯದಲ್ಲಿ ಸುಳ್ಳಾಗುತ್ತದೆ. ಹಳ್ಳಿಯಿಂದ ಬರುವ ಹುಡುಗಿ ತರಗತಿಗೆ ಬರುತ್ತಾಳೆ, ಗ್ರಂಥಾಲಯಕ್ಕೆ ಬರುತ್ತಾಳೆ, ಅಂಗಳಕ್ಕೆ ಬಾರಳು. ಫಲಕದ ಮೇಲೆ ‘ಆಸಕ್ತರು ಹೆಸರು ಕೊಡತಕ್ಕದ್ದು’ ಎಂದು ಪ್ರಕಟಣೆ ಅಂಟಿಸಿ ಕುಳಿತ ನಾಯಕಿಗೆ ಸಿಗುವುದು ಶಾಲೆಯಲ್ಲಿಯೇ ಪದಕ ಪಡೆದಿದ್ದ ಇಬ್ಬರೋ ಮೂವರೋ. ಉಳಿದವರು ತಾವು ಆಸಕ್ತರೆಂಬುದನ್ನೇ ಅರಿಯರು. ಅವರನ್ನು ಹುಡುಕಬೇಕಾದರೆ ನಿಲ್ದಾಣದಲ್ಲಿ ನಿಲ್ಲಬೇಕು. ಹೊರಟ ಬಸ್ಸನ್ನು ನಾಲ್ಕು ಹೆಜ್ಜೆಯಲ್ಲಿ ಹಿಡಿಯುವವಳು, ಸಂದಣಿಯಲ್ಲಿ ಯಾರ ಮೈಗೂ ತಾಗದೆ ನುಸುಳಿ ಬಾಗಿಲು ಸೇರುವವಳು ಖೋ ಖೋ ಆಟದ ಅರ್ಧ ಪಾಠವನ್ನು ಆಗಲೇ ಕಲಿತಿದ್ದಾಳೆ. ಕ್ರೀಡಾ ನಿರ್ದೇಶಕರ ಕಡತಕ್ಕಿಂತ ಇದು ಒಳ್ಳೆಯ ಪರೀಕ್ಷೆ!

ಹೆಸರು ಬರೆಸಿಕೊಂಡ ಮೇಲೆಯೇ ನಿಜವಾದ ಕೆಲಸ. ಸಂಜೆ ಐದರವರೆಗೆ ಅಭ್ಯಾಸ ನಡೆದರೆ ಊರಿನ ಕೊನೆಯ ಬಸ್ಸು ಸಿಗುವುದೇ? ಮಗಳು ಕತ್ತಲಾದ ಮೇಲೆ ಮನೆಗೆ ಬಂದರೆ ನೆರೆಹೊರೆ ಏನೆಂದೀತು? ತಾಯಿ ಕೂಲಿಗೆ ಹೋದಾಗ ತಮ್ಮನನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗಳು ನೆಪಗಳಲ್ಲ. ಇವನ್ನು ನೆಪಗಳೆಂದು ತಿಳಿದು ಮುಖ ಗಂಟಿಕ್ಕಿದ ನಾಯಕಿಯ ತಂಡ ತಿಂಗಳೊಳಗೆ ಕರಗುತ್ತದೆ. ಜಾಣೆಯಾದವಳು ಅಭ್ಯಾಸವನ್ನು ಬೆಳಗಿನ ಮೊದಲ ತರಗತಿಗೆ ಮುನ್ನ ಇಡುತ್ತಾಳೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬಿಸಿಲೂ ಅದನ್ನೇ ಕೇಳುತ್ತದೆ. ಒಂದೇ ದಾರಿಯ ಹುಡುಗಿಯರನ್ನು ಜೊತೆಗೂಡಿಸಿ ಕಳುಹುತ್ತಾಳೆ. ಬೇಕಾದಲ್ಲಿ ಅಧ್ಯಾಪಕಿಯೊಬ್ಬರನ್ನು ಕರೆದುಕೊಂಡು ಮನೆಗೇ ಹೋಗಿ, ಹೊಸ್ತಿಲಲ್ಲಿ ಕುಳಿತು, ಚಹಾ ಕುಡಿದು ಬರುತ್ತಾಳೆ. ಆ ಒಂದು ಲೋಟ ಚಹಾ ಹತ್ತು ಪ್ರಕಟಣೆಗಳಿಗೆ ಸಮ.

ಭಾಷೆಯ ಮಾತೂ ಉಂಟು. ಇಲ್ಲಿ ಕನ್ನಡದೊಡನೆ ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತುಗಳು ನಿತ್ಯವೂ ಕಿವಿಗೆ ಬೀಳುತ್ತವೆ. ತಮ್ಮ ಓಣಿಯವರು ತಮ್ಮ ಓಣಿಯವರೊಡನೆಯೇ ಕೂರುವುದು ಸಹಜ. ಆದರೆ ಚೌಕದಲ್ಲಿ ಪಕ್ಕದವಳ ಬೆನ್ನು ಮುಟ್ಟಿ ಕೂಗಬೇಕಾದ ಪದ ಒಂದೇ. ಅದನ್ನು ಕೇಳಿದೊಡನೆ ಎದ್ದು ಓಡಬೇಕೇ ಹೊರತು ಕೂಗಿದವಳು ಯಾರ ಮಗಳೆಂದು ಯೋಚಿಸಲು ಎಡೆಯಿಲ್ಲ. ಗೆಳತಿಯರ ಕೂಟವನ್ನೇ ತಂಡವೆಂದು ಭಾವಿಸಿ, ಹೊಸಬಳನ್ನು ಗೆರೆಯ ಹೊರಗೆ ನೀರಿನ ಕೊಡ ಕಾಯಲು ನಿಲ್ಲಿಸುವ ನಾಯಕಿಯರೂ ಇಲ್ಲದಿಲ್ಲ. ಕಾದು ಬೇಸತ್ತ ಹುಡುಗಿ ನಾಲ್ಕನೆಯ ದಿನ ಬಾರದಿದ್ದರೆ ಅವಳಿಗೆ ಶ್ರದ್ಧೆಯಿಲ್ಲವೆಂದು ದೂರುವುದು ಅನ್ಯಾಯ.

ನಾಯಕತ್ವವೆಂಬುದು ಹೇಗೆ ಒದಗುತ್ತದೆ? ಉತ್ತರ ಕರ್ನಾಟಕದ ಕಾಲೇಜುಗಳಲ್ಲಿ ಕ್ರೀಡಾ ಸಂಘಕ್ಕೆ ‘ಜಿಮಖಾನಾ’ ಎಂಬ ಹಳೆಯ ಹೆಸರು. ಅದರ ಕಾರ್ಯದರ್ಶಿಯಾಗುವುದೆಂದರೆ ಮೆರವಣಿಗೆ, ಭಿತ್ತಿಪತ್ರ, ಜಯಘೋಷಗಳಿದ್ದ ಕಾಲವೊಂದಿತ್ತು. 1989-90ರ ಸುಮಾರಿಗೆ ರಾಜ್ಯದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತಿತು. ಅನಂತರ ನಾಮಕರಣವೇ ವಾಡಿಕೆಯಾಯಿತು. ಜಗಳ ಕಡಮೆಯಾದುದು ಸರಿ, ಜೊತೆಗೆ ಮತ ಕೇಳಲು ತರಗತಿಯಿಂದ ತರಗತಿಗೆ ಅಲೆಯುವ ಅಭ್ಯಾಸವೂ ಹೋಯಿತು. ಸದಸ್ಯರನ್ನು ಕೂಡಿಸುವವಳಿಗೆ ಬೇಕಾದುದು ಅದೇ ಅಲೆದಾಟ! ವಿದ್ಯಾರ್ಥಿಗಳೇ ಸಂಘ ನಡೆಸುವ ಪದ್ಧತಿ ಹೊಸದೇನೂ ಅಲ್ಲ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ದೋಣಿ ಪಂದ್ಯ 1829ರಲ್ಲಿ ಮೊದಲಾದುದು ಇಬ್ಬರು ವಿದ್ಯಾರ್ಥಿ ಗೆಳೆಯರ ಪಂಥದಿಂದಲೇ.

ಮೇಲಿನ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಅಂತರ ಕಾಲೇಜು ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದವಳು ವಿಶ್ವವಿದ್ಯಾಲಯದ ತಂಡಕ್ಕೆ. ಅಲ್ಲಿಂದ ದಕ್ಷಿಣ ವಲಯದ ಪಂದ್ಯಾವಳಿ. ಅದರಲ್ಲಿ ಮೊದಲ ನಾಲ್ಕರೊಳಗೆ ಬಂದ ತಂಡಕ್ಕೆ ಅಖಿಲ ಭಾರತ ಕಣ. ವಿಶ್ವವಿದ್ಯಾಲಯಗಳ ಖೇಲೋ ಇಂಡಿಯಾ ಕ್ರೀಡಾಕೂಟ 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಯಿತು. ಅದರ ಎರಡನೆಯ ಕೂಟ 2022ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಜರುಗಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಮಹಿಳೆಯರ ತಂಡದಲ್ಲಿ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರೆಂಬ ಹಳ್ಳಿಯ ಚೈತ್ರಾ ಇದ್ದರು. ಪುರುಷರ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು. ಹೊಸ್ತಿಲಲ್ಲಿ ಕುಳಿತು ತಂದೆತಾಯಿಗಳನ್ನು ಒಪ್ಪಿಸುವ ನಾಯಕಿಗೆ ಕುರುಬೂರಿನ ಹೆಸರೊಂದು ಆಧಾರ. ಅದು ಪಟ್ಟಣವಲ್ಲ, ತಮ್ಮ ಊರಿನಂಥದೇ ಊರು.

ಪರೀಕ್ಷೆ ಹತ್ತಿರವಾದಾಗ ಹೊರಡಲಿರುವ ನಾಯಕಿಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ಎರಡು ಕಂಬಗಳು, ಸುಣ್ಣದ ಡಬ್ಬಿ, ಅಳತೆಯ ಹಗ್ಗ, ಹಾಜರಿ ಪುಸ್ತಕ ಇವನ್ನು ಮುಂದಿನವಳಿಗೆ ಒಪ್ಪಿಸಬೇಕು. ಪುಸ್ತಕದ ಕೊನೆಯ ಪುಟದಲ್ಲಿ ಯಾವ ಹುಡುಗಿಯ ಬಸ್ಸು ಎಷ್ಟು ಗಂಟೆಗೆ, ಯಾರ ಮನೆಯಲ್ಲಿ ಅಜ್ಜಿಯ ಮಾತು ನಡೆಯುತ್ತದೆ, ಯಾರಿಗೆ ಅಣ್ಣನನ್ನು ಒಪ್ಪಿಸಿದರೆ ಸಾಕು ಎಂದು ಬರೆದಿಟ್ಟರೆ ಹೊಸಬಳಿಗೆ ಅರ್ಧ ವರ್ಷದ ಅಲೆದಾಟ ತಪ್ಪುತ್ತದೆ. ಮಳೆಗಾಲದಲ್ಲಿ ಕಾಲೇಜು ತೆರೆದಾಗ ಅವಳು ಮೊದಲು ತೆರೆಯುವುದು ಆ ಪುಟವನ್ನೇ. ಎಂಟು ಹೆಸರುಗಳಿರುತ್ತವೆ, ಕೆಳಗೆ ನಾಲ್ಕು ಖಾಲಿ ಗೆರೆಗಳು.