ಕರ್ತೃ, ಕರ್ಮ, ಕ್ರಿಯೆ: ಯಾವುದು ಮೊದಲು?

ಕೆಲಸ ಮಾಡುವವರನ್ನು ಸೂಚಿಸುವ ಕರ್ತೃಪದ, ಆ ಕೆಲಸಕ್ಕೆ ಗುರಿಯಾದುದನ್ನು ಸೂಚಿಸುವ ಕರ್ಮಪದ ಹಾಗೂ ಕೆಲಸವನ್ನೇ ಹೇಳುವ ಕ್ರಿಯಾಪದ, ಈ ಮೂರನ್ನು ಆರು ಬಗೆಯಾಗಿ ಜೋಡಿಸಲು ಸಾಧ್ಯವಿದ್ದರೂ ಲೋಕದ ಬಹುಪಾಲು ಭಾಷೆಗಳು ಎರಡೇ ಬಗೆಗಳನ್ನು ನೆಚ್ಚಿಕೊಂಡಿವೆ. ಭಾಷಾವಿಜ್ಞಾನಿ ಮ್ಯಾಥ್ಯೂ ಡ್ರೈಯರ್ ಹೋಲಿಸಿ ನೋಡಿದ 1,370ಕ್ಕೂ ಹೆಚ್ಚು ಭಾಷೆಗಳಲ್ಲಿ 560ಕ್ಕೂ ಮಿಕ್ಕವು ಕನ್ನಡ, ಜಪಾನಿ, ತುರ್ಕಿಗಳಂತೆ ಕರ್ತೃ, ಕರ್ಮಗಳನ್ನು ಹೇಳಿ ಕ್ರಿಯಾಪದವನ್ನು ಕೊನೆಗಿಟ್ಟರೆ, 488 ಭಾಷೆಗಳು ಇಂಗ್ಲಿಷ್‌ನಂತೆ ಅದನ್ನು ನಡುವೆ ಇಡುತ್ತವೆ. ವೆಲ್ಷ್, ಐರಿಷ್‌ಗಳಂತೆ ಕ್ರಿಯಾಪದದಿಂದಲೇ ತೊಡಗುವವು ಇವೆರಡಕ್ಕಿಂತ ಬಹಳ ಕಡಿಮೆ.

ಇಲ್ಲಿ ಕ್ರಮವೆಂದರೆ ವಿಶೇಷ ಒತ್ತಿಲ್ಲದ ಸಾದಾ ಹೇಳಿಕೆಯ ಕ್ರಮವೇ ಹೊರತು ಮೀರಲಾಗದ ಕಟ್ಟಳೆಯಲ್ಲ. 'ಹುಲಿ ಹಸುವನ್ನು ಹಿಡಿಯಿತು' ಎಂಬುದನ್ನು 'ಹಸುವನ್ನು ಹುಲಿ ಹಿಡಿಯಿತು' ಎಂದು ತಿರುಗಿಸಿದರೂ ಕನ್ನಡದಲ್ಲಿ ಅರ್ಥ ಕೆಡುವುದಿಲ್ಲ. ಕರ್ಮ ಯಾವುದೆಂಬುದನ್ನು 'ಅನ್ನು' ಎಂಬ ವಿಭಕ್ತಿ ಪ್ರತ್ಯಯವೇ ಹೇಳಿಬಿಡುತ್ತದೆ.

ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ 30 ಭಾಷೆಗಳನ್ನು ತೂಗಿನೋಡಿ, ಕರ್ತೃ ಕರ್ಮಕ್ಕಿಂತ ಮೊದಲು ಬರುವುದು ಹೆಚ್ಚುಕಡಿಮೆ ಎಲ್ಲೆಡೆಯ ನಿಯಮವೆಂದು ತೋರಿಸಿದ್ದರು. ಆದರೆ ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ ಕೆಲವೇ ನೂರು ಜನರು ಆಡುವ ಹಿಷ್ಕರ್ಯಾನಾ ಭಾಷೆಯನ್ನು ಅವರ ನಡುವೆಯೇ ಇದ್ದು ಕಲಿತ ಡೆಸ್ಮಂಡ್ ಡರ್ಬಿಶೈರ್, ಅಲ್ಲಿ ಕರ್ಮವೇ ಮೊದಲು, ಕರ್ತೃವೇ ಕೊನೆಗೆ ಎಂಬುದನ್ನು 1977ರಲ್ಲಿ ಪ್ರಕಟಿಸಿದರು. 'ತೊತೊ ಯೊನೊಯೆ ಕಮರ' ಎಂಬ ವಾಕ್ಯದಲ್ಲಿ 'ತೊತೊ' ಮನುಷ್ಯ, 'ಯೊನೊಯೆ' ತಿಂದಿತು, 'ಕಮರ' ಎಂದರೆ ಅಲ್ಲಿನ ಕಾಡಿನ ಜಾಗ್ವಾರ್. ಎರಡೂ ನಾಮಪದಗಳಿಗೆ ಪ್ರತ್ಯಯವಿಲ್ಲ, ಹಾಗಿದ್ದರೂ ತಿಂದದ್ದು ಜಾಗ್ವಾರ್ ಎಂಬುದರಲ್ಲಿ ಕೇಳುವವರಿಗೆ ಅನುಮಾನವಿಲ್ಲ. ಇಂಥ ಒಂದು ಪುಟ್ಟ ಭಾಷೆ ದಾಖಲಾಗದೆ ಅಳಿದಿದ್ದರೆ, ಮನುಷ್ಯರ ಮಾತಿಗೆ ಈ ಕ್ರಮ ಒಗ್ಗುವುದೇ ಇಲ್ಲವೆಂಬ ತಪ್ಪು ತೀರ್ಮಾನ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಕ್ರಿಯಾಪದ ಕೊನೆಗೆ ಬರುವ ಕ್ರಮ ಇಷ್ಟು ವ್ಯಾಪಕವಾಗಿರುವುದೇಕೆ ಎಂಬುದಕ್ಕೆ ಒಂದು ಸುಳಿವು ಇಸ್ರೇಲಿನ ನೆಗೆವ್ ಮರುಭೂಮಿಯಿಂದ ಬಂದಿದೆ. ಅನುವಂಶೀಯ ಕಿವುಡುತನವಿರುವ ಅಲ್-ಸಯ್ಯಿದ್ ಎಂಬ ಬೆಡೊಯಿನ್ ಸಮುದಾಯದಲ್ಲಿ ಸುಮಾರು 70 ವರ್ಷಗಳೊಳಗೆ ಸಂಜ್ಞಾಭಾಷೆಯೊಂದು ತಾನಾಗಿ ಹುಟ್ಟಿ ಬೆಳೆಯಿತು; ಸುತ್ತಲಿನ ಆಡುಮಾತಿನ ಅರಬ್ಬಿ, ಹೀಬ್ರೂಗಳು ಕ್ರಿಯಾಪದವನ್ನು ನಡುವೆ ಇಡುತ್ತಿದ್ದರೂ, ಈ ಸಂಜ್ಞೆಗಳಲ್ಲಿ ಅದು ಕೊನೆಗೇ ಬರುತ್ತದೆಂದು ವೆಂಡಿ ಸ್ಯಾಂಡ್ಲರ್ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದರು. 2008ರಲ್ಲಿ ಸೂಸನ್ ಗೋಲ್ಡಿನ್-ಮೆಡೊ ತಂಡವು ಇಂಗ್ಲಿಷ್, ಚೀನಿ, ಸ್ಪ್ಯಾನಿಷ್, ತುರ್ಕಿ ಭಾಷಿಕರಿಗೆ ಬಾಯಿಬಿಡದೆ ಕೈಸನ್ನೆಯಲ್ಲೇ ಘಟನೆಗಳನ್ನು ವಿವರಿಸಲು ಹೇಳಿದಾಗ, ತಮ್ಮ ಮಾತಿನ ಕ್ರಮ ಏನೇ ಇರಲಿ, ಅವರೆಲ್ಲರೂ ಹೆಚ್ಚಾಗಿ ಮಾಡುವವರನ್ನು, ಆಮೇಲೆ ವಸ್ತುವನ್ನು, ಕೊನೆಯಲ್ಲಿ ಕ್ರಿಯೆಯನ್ನು ತೋರಿಸಿದರು.